ಜ್ಯೂರಿ ಸಮನ್ಸ್ ಬಂದರೆ ಹೋಗಿ ಬನ್ನಿ

ಆತ್ಮೀಯ ಸದಸ್ಯರೇ, ನಮಸ್ಕಾರ.

ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಜ್ಯೂರಿ ಡ್ಯೂಟಿ ಬಂದಿದೆ, ತಪ್ಪಿಸಿಕೊಳ್ಳೋದು ಹೇಗೆ?" ಜ್ಯೂರಿ ಅಂದರೆ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಸಿಟಿಜನ್ನರ ಗುಂಪು, ಅದಕ್ಕೆ ಬನ್ನಿ ಅಂತ ಕೋರ್ಟು ಕಳಿಸುವ ಕರೆಯೇ ಸಮನ್ಸ್. ಕೇಳಿದ ಸ್ವಲ್ಪ ಹೊತ್ತಿಗೆಲ್ಲ ಉತ್ತರಗಳು ಸಾಲುಸಾಲಾಗಿ ಬಂದುಬಿಡುತ್ತವೆ. ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಬರೀರಿ. ಪೊಲೀಸರು ಹೇಳಿದ್ದನ್ನೆಲ್ಲ ನಾನು ನಂಬ್ತೀನಿ ಅಂದುಬಿಡಿ, ಲಾಯರೇ ನಿಮ್ಮನ್ನ ಮನೆಗೆ ಕಳಿಸ್ತಾರೆ. ಇಂಡಿಯಾಕ್ಕೆ ಹೋಗ್ತಿದೀನಿ ಅನ್ನಿ, ಟಿಕೆಟ್ ಯಾರೂ ಕೇಳಲ್ಲ. ಇದನ್ನೆಲ್ಲ ಓದಿ ನನಗೆ ನಿಜವಾಗಿಯೂ ಬೇಸರವಾಯಿತು. ಅದಕ್ಕೇ ಈ ಸಲ ಹಬ್ಬದ ಕಾರ್ಯಕ್ರಮಗಳ ವರದಿ ಒಳಪುಟಕ್ಕೆ ಹೋಗಿದೆ, ಸಂಪಾದಕೀಯ ಪೂರ್ತಿ ಇದರ ಬಗ್ಗೆಯೇ. ನನ್ನ ಮಾತು ನೇರ. ಸಮನ್ಸ್ ಬಂದರೆ ಹೋಗಬೇಕು. ಅದರಲ್ಲೂ ಸಂಬಳದ ಸಮೇತ ರಜೆ ಸಿಗುವ ಕೆಲಸದಲ್ಲಿರುವ ನಮ್ಮಂಥವರು ಹೋಗಲೇಬೇಕು.

ಮೊದಲು ಸಿಟಿಜನ್ ಅಲ್ಲದವರಿಗೆ ಎರಡು ಮಾತು, ಯಾಕೆಂದರೆ ಗಾಬರಿ ಜಾಸ್ತಿ ಆಗುವುದು ಅವರಿಗೇ. ಕ್ಯಾಲಿಫೋರ್ನಿಯಾದಲ್ಲಿ ಜ್ಯೂರಿಗೆ ಹೆಸರು ಎತ್ತುವುದು ಮತದಾರರ ಪಟ್ಟಿಯಿಂದ ಮಾತ್ರ ಅಲ್ಲ. ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಇಲಾಖೆಯ ಪಟ್ಟಿಯಿಂದಲೂ ಎತ್ತುತ್ತಾರೆ, 2022ರಿಂದ ರಾಜ್ಯಕ್ಕೆ ತೆರಿಗೆ ಕಟ್ಟುವವರ ಪಟ್ಟಿಯಿಂದಲೂ ಎತ್ತುತ್ತಾರೆ. ಹಾಗಾಗಿ ಡ್ರೈವಿಂಗ್ ಲೈಸೆನ್ಸ್ ಇರುವ ಎಚ್‌1ಬಿ ವೀಸಾದವರಿಗೂ ಗ್ರೀನ್ ಕಾರ್ಡಿನವರಿಗೂ ಸಮನ್ಸ್ ಬರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ನಾನು ಸಿಟಿಜನ್ ಅಲ್ಲ ಅನ್ನುವ ಕಡೆ ಗುರುತು ಹಾಕಿ, ಕೇಳಿದ ವಿವರ ಕೊಟ್ಟು, ವಾಪಸ್ ಕಳಿಸಿ. ಅಲ್ಲಿಗೆ ಮುಗಿಯಿತು. ಸುಮ್ನೆ ಹೋಗಿ ನೋಡಿ ಬರೋಣ ಅಂತ ಸಿಟಿಜನ್ ಅಂತ ಗುರುತು ಹಾಕಿದರೆ ಮಾತ್ರ ದೊಡ್ಡ ತೊಂದರೆ. ಸಿಟಿಜನ್ ಅಂತ ಸುಳ್ಳು ಹೇಳುವುದನ್ನು ಇಮಿಗ್ರೇಷನ್ ಕಾನೂನು ತುಂಬಾ ಗಂಭೀರವಾಗಿ ನೋಡುತ್ತದೆ. ಇಷ್ಟು ವರ್ಷ ಕಾದ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು.

ಇನ್ನೊಂದು. "ನೀವು ಜ್ಯೂರಿ ಡ್ಯೂಟಿಗೆ ಬರಲಿಲ್ಲ, ನಿಮ್ಮ ಮೇಲೆ ವಾರಂಟ್ ಇದೆ, ಈಗಲೇ ದುಡ್ಡು ಕಟ್ಟಿ" ಅಂತ ಫೋನ್ ಬಂದರೆ ಅದು ಮೋಸ. ಕೋರ್ಟು ಹೀಗೆ ಫೋನ್ ಮಾಡಿ ದುಡ್ಡು ಕೇಳುವುದಿಲ್ಲ, ಗಿಫ್ಟ್ ಕಾರ್ಡ್ ನಂಬರ್ ಅಂತೂ ಕೇಳುವುದೇ ಇಲ್ಲ. ಮನೆಯಲ್ಲಿರುವ ಅಪ್ಪ ಅಮ್ಮನಿಗೂ ಇದನ್ನು ಹೇಳಿಡಿ. ಹಗಲು ಹೊತ್ತು ಲ್ಯಾಂಡ್‌ಲೈನ್ ಎತ್ತುವವರು ಅವರೇ ಅಲ್ವಾ.

ಈಗ ಸಿಟಿಜನ್ ಆದವರ ವಿಷಯ. ಇಲ್ಲಿನ ನಿಯಮ ಒಂದು ದಿನ ಅಥವಾ ಒಂದು ವಿಚಾರಣೆ. ಸಮನ್ಸಿನಲ್ಲಿ ಗ್ರೂಪ್ ನಂಬರ್ ಕೊಟ್ಟಿರುತ್ತಾರೆ. ಹಿಂದಿನ ದಿನ ಸಂಜೆ ಕೋರ್ಟಿನ ವೆಬ್‌ಸೈಟ್ ನೋಡಿದರೆ ನಿಮ್ಮ ಗ್ರೂಪ್ ಬರಬೇಕೋ ಬೇಡವೋ ಗೊತ್ತಾಗುತ್ತದೆ. ಹೋದ ದಿನ ಯಾವ ಕೋರ್ಟ್‌ರೂಮಿಗೂ ಕಳಿಸದಿದ್ದರೆ ಸಂಜೆಗೆ ನಿಮ್ಮ ಕೆಲಸ ಮುಗಿದಂತೆ, ಕಡೇಪಕ್ಷ ಒಂದು ವರ್ಷ ಮತ್ತೆ ಕರೆಯುವುದಿಲ್ಲ. ಬಂದ ತಾರೀಖು ಆಗುವುದಿಲ್ಲ ಅಂದರೆ ಮುಂದಕ್ಕೆ ಹಾಕಿಸಿಕೊಳ್ಳಬಹುದು. ಎದೆಹಾಲು ಕುಡಿಸುವ ತಾಯಂದಿರು ಒಂದು ವರ್ಷದವರೆಗೂ ಮುಂದೂಡಬಹುದು. 70 ದಾಟಿದವರು ಆರೋಗ್ಯದ ಕಾರಣ ಹೇಳಿ ಬಿಡುವು ಕೇಳಿದರೆ ಡಾಕ್ಟರ್ ಚೀಟಿ ಬೇಕಾಗಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಅನ್ನುವುದೂ ಕಾನೂನು ಒಪ್ಪುವ ಕಾರಣವೇ. ನಿಜವಾದ ಕಷ್ಟಕ್ಕೆ ದಾರಿ ಇದೆ, ಹಾಗಿರುವಾಗ ಸುಳ್ಳು ಕಷ್ಟ ಹುಟ್ಟಿಸುವುದು ಯಾಕೆ? ಆ ಫಾರಂಗೆ ನೀವು ಸಹಿ ಹಾಕುವುದು ಹೇಳಿದ್ದೆಲ್ಲ ನಿಜ ಅಂತ ಪ್ರಮಾಣ ಮಾಡಿ. ಏನೂ ಉತ್ತರ ಕೊಡದೆ ಕೂತರೆ 1,500 ಡಾಲರ್‌ವರೆಗೂ ದಂಡ ಬೀಳಬಹುದು.

ದಿನನಿತ್ಯದ ಬದುಕಿಗೆ ತೊಂದರೆ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆಗುತ್ತದೆ. ನಾನು ಸ್ಯಾನ್ ಹೋಸೆಯಲ್ಲಿ ಒಂದು ರಸ್ತೆ ಅಪಘಾತದ ಸಿವಿಲ್ ಕೇಸಿಗೆ ಜ್ಯೂರರ್ ಆಗಿ ಕೂತಿದ್ದೆ. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡುವುದರಿಂದ ಹಿಡಿದು ಸಂಜೆ ಕರೆದುಕೊಂಡು ಬರುವವರೆಗೆ ಎಲ್ಲ ಏರುಪೇರು. ಕೋರ್ಟಿನ ಬಾಗಿಲಲ್ಲಿ ಏರ್‌ಪೋರ್ಟಿನ ಥರ ಬ್ಯಾಗು ಪರೀಕ್ಷೆ. ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಂಡು ಹೋಗಿದ್ದೆ, ಜತೆಗಿದ್ದ ಚಮಚವನ್ನೂ ಎತ್ತಿ ನೋಡಿದರು. ಮಧ್ಯಾಹ್ನದ ಬಿಡುವಿನಲ್ಲಿ ಆಫೀಸಿನ ಮೇಲ್, ರಾತ್ರಿ ಮಕ್ಕಳು ಮಲಗಿದ ಮೇಲೆ ಉಳಿದ ಕೆಲಸ. ಮನೆಯವರು ಎರಡು ಕಡೆಯ ಓಡಾಟವನ್ನೂ ಹೊತ್ತುಕೊಂಡರು, ಪಕ್ಕದ ಮನೆಯ ಅಕ್ಕ ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ.

ಎಲ್ಲಕ್ಕಿಂತ ಕಷ್ಟ ಅನ್ನಿಸಿದ್ದು ಬಾಯಿ ಕಟ್ಟಿಕೊಂಡು ಇರುವುದು. ಕೇಸಿನ ಬಗ್ಗೆ ಗಂಡನ ಹತ್ತಿರವೂ ಮಾತಾಡುವ ಹಾಗಿಲ್ಲ. ಗೂಗಲ್ ಮಾಡುವ ಹಾಗಿಲ್ಲ. ಅಪಘಾತ ಆದ ಜಾಗಕ್ಕೆ ಹೋಗಿ ನೋಡುವ ಹಾಗಿಲ್ಲ ಅಂತಲೂ ಜಡ್ಜ್ ಮೊದಲ ದಿನವೇ ಹೇಳಿದರು. ಆ ಸರ್ಕಲ್ಲು ಮಗಳ ಸಂಗೀತ ಕ್ಲಾಸಿಗೆ ಹೋಗುವ ದಾರಿಯಲ್ಲೇ ಇತ್ತು. ಕೇಸು ಮುಗಿಯುವವರೆಗೂ ನಾನು ಸುತ್ತು ಹಾಕಿಕೊಂಡು ಬೇರೆ ದಾರಿಯಲ್ಲೇ ಹೋದೆ. ಮೈಸೂರಿನಿಂದ ಬಂದಿದ್ದ ಅತ್ತೆ ದಿನಾ ಕಾಫಿ ಕೈಗೆ ಕೊಟ್ಟು "ಇವತ್ತು ಏನಾಯ್ತಮ್ಮ ಕೋರ್ಟಲ್ಲಿ?" ಅಂತ ಕೇಳುವರು. ಹೇಳೋ ಹಾಗಿಲ್ಲ ಅತ್ತೆ ಅಂದರೆ ಅವರಿಗೆ ಮೊದಮೊದಲು ಸ್ವಲ್ಪ ಬೇಜಾರೇ ಆಯಿತು. ಆಮೇಲೆ ಅವರೇ ಬಂದವರಿಗೆಲ್ಲ "ಅವಳನ್ನ ಏನೂ ಕೇಳಬೇಡಿ, ಅವಳು ಹೇಳೋ ಹಾಗಿಲ್ಲ" ಅನ್ನಲು ಶುರು ಮಾಡಿದರು.

ದುಡ್ಡಿನ ವಿಷಯಕ್ಕೆ ಬರೋಣ. ನನ್ನ ವಾದ ನಿಂತಿರುವುದೇ ಇದರ ಮೇಲೆ. ಕ್ಯಾಲಿಫೋರ್ನಿಯಾದ ಹೆಚ್ಚಿನ ಕೌಂಟಿಗಳ ಕೋರ್ಟುಗಳಲ್ಲಿ ಜ್ಯೂರರ್‌ಗೆ ಕೊಡುವುದು ದಿನಕ್ಕೆ 15 ಡಾಲರ್, ಅದೂ ಎರಡನೇ ದಿನದಿಂದ. ಓಡಾಟಕ್ಕೆ ಮೈಲಿಗೆ 34 ಸೆಂಟ್. ಕೇಂದ್ರ ಸರ್ಕಾರದ ಫೆಡರಲ್ ಕೋರ್ಟಿನಲ್ಲಿ ದಿನಕ್ಕೆ 50 ಡಾಲರ್ ಇದೆ. ಜ್ಯೂರಿ ಡ್ಯೂಟಿಗೆ ಹೋದರು ಅಂತ ಯಾರನ್ನೂ ಕೆಲಸದಿಂದ ತೆಗೆಯುವ ಹಾಗಿಲ್ಲ, ಆದರೆ ಆ ದಿನಗಳ ಸಂಬಳ ಕೊಡಲೇಬೇಕು ಅಂತ ಇಲ್ಲಿನ ಕಾನೂನು ಕಂಪನಿಗಳಿಗೆ ಹೇಳುವುದಿಲ್ಲ. ದೊಡ್ಡ ಕಂಪನಿಗಳು ತಾವಾಗಿಯೇ ಕೊಡುತ್ತವೆ. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ, ಕ್ಯಾಬ್ ಓಡಿಸುವವರಿಗೆ, ಹೋಟೆಲ್ ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವವರಿಗೆ, ಕಾಂಟ್ರ್ಯಾಕ್ಟಿನ ಮೇಲೆ ಇರುವವರಿಗೆ ಒಂದು ವಾರದ ವಿಚಾರಣೆ ಅಂದರೆ ಒಂದು ವಾರದ ಸಂಪಾದನೆ ಹೋದ ಹಾಗೆ.

ನಾನು ಹೋದ ದಿನ ಜಡ್ಜ್ ಎಲ್ಲರನ್ನೂ ಮೊದಲು ಕೇಳಿದ್ದು ಇದನ್ನೇ. ವಿಚಾರಣೆ ಇಷ್ಟು ದಿನ ನಡೆಯಬಹುದು, ಯಾರಿಗೆ ತಡೆಯಲಾರದ ಕಷ್ಟ ಆಗುತ್ತೆ, ಹೇಳಿ ಅಂದರು. ಒಂದು ಸಾಲೇ ಎದ್ದು ನಿಂತಿತು. ನನ್ನ ಮುಂದಿನ ಕುರ್ಚಿಯಲ್ಲಿದ್ದ ಹೆಂಗಸು ಎರಡು ಕಡೆ ಮನೆ ಕ್ಲೀನ್ ಮಾಡುವ ಕೆಲಸದವರು. ಒಂದು ದಿನ ತಪ್ಪಿಸಿದರೂ ಆ ಮನೆ ಕೈಬಿಡುತ್ತೆ ಅಂತ ಮೈಕ್ ಹಿಡಿದು ಹೇಳುವಾಗ ಅವರ ಕೈ ನಡುಗುತ್ತಿತ್ತು. ಅವರನ್ನು ಬಿಟ್ಟರು, ಬಿಡಬೇಕಾದದ್ದೇ. ಅದೇ ಸಾಲಿನಲ್ಲಿ, ದೊಡ್ಡ ಕಂಪನಿಯ ಬ್ಯಾಡ್ಜನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದ ಒಬ್ಬರು ತಮ್ಮ ಪ್ರಾಜೆಕ್ಟಿನ ಡೆಡ್‌ಲೈನ್ ಬಗ್ಗೆ ಹೇಳಿದರು. ಆ ಎರಡೂ ಒಂದೇ ಕಷ್ಟ ಅಂತ ನಾನು ಒಪ್ಪಲಾರೆ. ಸಂಬಳ ಸಿಗುವವರು ಹೀಗೆ ಜಾರಿಕೊಂಡರೆ, ಸಂಬಳ ಇಲ್ಲದವರು ನಿಜವಾಗಿಯೂ ಕೂರಲಾರದೆ ಹೋದರೆ, ಜ್ಯೂರಿಯ ಹನ್ನೆರಡು ಕುರ್ಚಿಯಲ್ಲಿ ಕೂರುವವರು ಯಾರು?

ಕೂತ ಮೇಲೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಪ್ಲಾಸ್ಟಿಕ್ ಹಾಳೆಯಲ್ಲಿ ಪ್ರಶ್ನೆಗಳ ಪಟ್ಟಿ ಕೊಡುತ್ತಾರೆ, ಮೈಕ್ ಕೈಯಿಂದ ಕೈಗೆ ಬರುತ್ತದೆ. ಯಾವ ಊರು, ಏನು ಕೆಲಸ, ಮನೆಯವರದು ಏನು ಕೆಲಸ, ಮೊದಲು ಜ್ಯೂರಿಯಲ್ಲಿ ಕೂತಿದ್ದೀರಾ. ಎರಡೂ ಕಡೆಯ ಲಾಯರುಗಳು ಕೇಳಿ, ಬೇಡವಾದವರನ್ನು ಕಳಿಸಿ, ಕೊನೆಗೆ ಹನ್ನೆರಡು ಜನ ಉಳಿಯುತ್ತೇವೆ, ಜತೆಗೆ ಒಬ್ಬಿಬ್ಬರು ಹೆಚ್ಚುವರಿ. ಬರೆದುಕೊಳ್ಳಲು ನೋಟ್‌ಪ್ಯಾಡ್ ಕೊಡುತ್ತಾರೆ, ಸಂಜೆ ಅದನ್ನು ಅಲ್ಲೇ ಬಿಟ್ಟು ಬರಬೇಕು. ಕ್ರಿಮಿನಲ್ ಕೇಸಾದರೆ ಹನ್ನೆರಡೂ ಜನ ಒಪ್ಪಬೇಕು, ಇಲ್ಲಿನ ಸಿವಿಲ್ ಕೇಸಿಗೆ ಒಂಬತ್ತು ಜನ ಒಪ್ಪಿದರೆ ಸಾಕು.

ನಮ್ಮ ಕೇಸಿನಲ್ಲಿ ಒಬ್ಬ ಸಾಕ್ಷಿ ಸಿಗ್ನಲ್ ಬಗ್ಗೆ ಏನು ಹೇಳಿದ ಅನ್ನುವುದರ ಮೇಲೆ ಒಳಗೆ ಚರ್ಚೆ ಬಿಸಿಯಾಯಿತು. ಒಬ್ಬೊಬ್ಬರ ನೆನಪು ಒಂದೊಂದು ಥರ, ಎಲ್ಲರಿಗೂ ತಮ್ಮ ನೆನಪೇ ಸರಿ ಅನ್ನುವ ಗಟ್ಟಿ ನಂಬಿಕೆ. ಅಲ್ಲಿಯವರೆಗೂ ಹೆಚ್ಚು ಮಾತಾಡದೆ ಕೂತಿದ್ದ, ಪೋಸ್ಟ್ ಆಫೀಸಿನಿಂದ ರಿಟೈರ್ ಆದ ಒಬ್ಬರು "ಜಗಳ ಯಾಕೆ, ಓದಿಸಿ ಕೇಳೋಣ" ಅಂದರು. ಚೀಟಿ ಬರೆದು ಜಡ್ಜ್‌ಗೆ ಕಳಿಸಿದೆವು. ಕೋರ್ಟಿನಲ್ಲಿ ಆಡಿದ್ದನ್ನೆಲ್ಲ ಬರೆದುಕೊಳ್ಳುವ ಕೋರ್ಟ್ ರಿಪೋರ್ಟರ್ ಆ ಸಾಕ್ಷಿಯ ಮಾತನ್ನು ಒಂದೇ ದನಿಯಲ್ಲಿ, ಎಲ್ಲೂ ಒತ್ತು ಕೊಡದೆ ಓದಿದರು. ನಾವು ಹಟ ಹಿಡಿದು ಹೇಳುತ್ತಿದ್ದ ಒಂದು ಮಾತು ಅದರಲ್ಲಿ ಇರಲೇ ಇಲ್ಲ. ರೂಮಿಗೆ ವಾಪಸ್ ಬಂದ ಮೇಲೆ ಚರ್ಚೆಯ ದನಿಯೇ ಬೇರೆಯಾಯಿತು. ಯಾರೂ ಯಾರಿಗೂ ಪರಿಚಯ ಇಲ್ಲದ ಹನ್ನೆರಡು ಜನ, ಮತ್ತೊಬ್ಬರ ಬದುಕಿನ ವಿಷಯಕ್ಕೆ ಇಷ್ಟು ಶ್ರದ್ಧೆಯಿಂದ ತಲೆ ಕೆಡಿಸಿಕೊಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಮ್ಮವರಿಗೆ ಇದು ಹೊಸದು ಅನ್ನಿಸುವುದು ಸಹಜ. ಗೆದ್ದವನು ಸೋತ, ಸೋತವನು ಸತ್ತ ಅಂತ ಕೇಳಿಕೊಂಡೇ ಬೆಳೆದವರು ನಾವು, ಕೋರ್ಟಿನ ಮೆಟ್ಟಿಲು ಹತ್ತದಿರುವುದೇ ಮರ್ಯಾದೆ. ಜತೆಗೆ ಭಾರತದಲ್ಲಿ ಜ್ಯೂರಿ ಪದ್ಧತಿ ಈಗ ಇಲ್ಲ. ನಮ್ಮಲ್ಲಿ ಹಿರಿಯರಿಗೆ ನಾನಾವತಿ ಕೇಸು ನೆನಪಿರಬೇಕು. 1959ರಲ್ಲಿ ಬಾಂಬೆಯ ಜ್ಯೂರಿ ಕೊಲೆ ಆರೋಪ ಹೊತ್ತ ಆ ನೌಕಾಪಡೆ ಅಧಿಕಾರಿಯನ್ನು 8ಕ್ಕೆ 1ರಂತೆ ನಿರಪರಾಧಿ ಅಂದಿತು. ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಜೀವಾವಧಿ ಶಿಕ್ಷೆ ಆಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಜ್ಯೂರಿ ಅಂದರೆ ಪತ್ರಿಕೆ ಓದಿ ಮರುಳಾಗುವವರು ಅನ್ನುವ ಮಾತನ್ನು ನಮ್ಮ ಎಷ್ಟೋ ಜನ ಇಂದಿಗೂ, ಪತ್ರಿಕೆಯೊಂದು ಆರೋಪಿಯ ಪರ ನಿಂತಿದ್ದ ಆ ಕೇಸು ಹಿಡಿದೇ ಹೇಳುತ್ತಾರೆ. ಹೊರಗಿನ ಸುದ್ದಿ ನೋಡಬೇಡಿ ಅಂತ ಇಲ್ಲಿನ ಜಡ್ಜ್ ಪ್ರತಿ ಬಿಡುವಿಗೂ ಯಾಕೆ ಹೇಳುತ್ತಾರೆ ಅನ್ನುವುದಕ್ಕೂ ಅದೇ ಉತ್ತರ ಅಂತ ನನಗನ್ನಿಸುತ್ತದೆ.

ಈ ನೆಲದ ಚರಿತ್ರೆಯನ್ನೂ ಸ್ವಲ್ಪ ನೋಡಿ. 1854ರಲ್ಲಿ ಇದೇ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಬಿಳಿಯರ ವಿರುದ್ಧ ಚೀನಾದವರು ಸಾಕ್ಷಿ ಹೇಳುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತ್ತು. 1923ರಲ್ಲಿ, ಪಂಜಾಬಿನಿಂದ ಇಲ್ಲಿಗೆ ಬಂದಿದ್ದ ಭಗತ್ ಸಿಂಗ್ ಥಿಂದ್ ಅವರ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರಿಗೆ ಇಲ್ಲಿ ಸಿಟಿಜನ್ ಆಗುವ ಹಕ್ಕಿಲ್ಲ ಅಂದಿತು. ಆ ಬಾಗಿಲು ತೆರೆದದ್ದು 1946ರಲ್ಲಿ. ಅಂದರೆ ನಮ್ಮಂಥವರಿಗೆ ಜ್ಯೂರಿ ಕುರ್ಚಿ ಸಿಗಲು ಎಷ್ಟೋ ಜನ ಹೋರಾಡಿದ್ದಾರೆ. ಅದು ಮನೆಗೆ ಅಂಚೆಯಲ್ಲಿ ಬಂದಾಗ ನಾವು ಉಪಾಯ ಹುಡುಕುವುದು ನನಗೆ ಸರಿ ಕಾಣುವುದಿಲ್ಲ. ನಾಳೆ ನಮ್ಮವರೇ ಒಬ್ಬರು, ಅಪಘಾತಕ್ಕೋ ಬಾಡಿಗೆ ಜಗಳಕ್ಕೋ ಸಂಬಳ ಕೊಡದ ಮಾಲೀಕನ ವಿರುದ್ಧವೋ, ಆ ಕಟ್ಟೆಯ ಮುಂದೆ ನಿಲ್ಲಬಹುದು. ಎದುರಿಗೆ ಕೂತ ಹನ್ನೆರಡು ಜನರಲ್ಲಿ ತಮ್ಮಂಥವರು ಒಬ್ಬರಾದರೂ ಇದ್ದಾರಾ ಅಂತ ಅವರು ನೋಡೇ ನೋಡುತ್ತಾರೆ.

"ನನ್ನ ಇಂಗ್ಲಿಷಿಗೆ ಅಲ್ಲಿ ಏನು ಬೆಲೆ" ಅಂತ ಹಿಂಜರಿಯುವ ಅಕ್ಕ ತಂಗಿಯರಿಗೆ ಒಂದು ಮಾತು. ಹೇಳಿದ್ದು ಅರ್ಥ ಆಗಬೇಕು, ನಿಮ್ಮ ಮಾತು ಅವರಿಗೆ ತಿಳಿಯಬೇಕು, ಅಷ್ಟೇ. ಉಚ್ಚಾರಣೆಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಕಾರಣ ಹೇಳದೆ ಜ್ಯೂರರನ್ನು ತೆಗೆಯುವ ಅವಕಾಶ ಲಾಯರುಗಳಿಗೆ ಇದೆ, ಆದರೆ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಕ್ರಿಮಿನಲ್ ಕೇಸುಗಳಿಗೆ, 2026ರಿಂದ ಸಿವಿಲ್ ಕೇಸುಗಳಿಗೂ ಒಂದು ಹೊಸ ಕಾನೂನು ಇದೆ. ಎದುರು ಕಡೆಯವರೋ ಜಡ್ಜೋ ಆಕ್ಷೇಪಿಸಿದರೆ ಲಾಯರು ಕಾರಣ ಕೊಡಬೇಕು. ಇಂಗ್ಲಿಷ್ ಇವರ ತಾಯಿನುಡಿ ಅಲ್ಲ, ಇವರು ಬೇರೆ ಭಾಷೆ ಆಡುತ್ತಾರೆ, ಇವರ ಉಡುಗೆ ತೊಡುಗೆ ಬೇರೆ, ಇಂಥವನ್ನು ಸರಿಯಾದ ಕಾರಣ ಅಂತ ಸುಲಭಕ್ಕೆ ಒಪ್ಪಬಾರದು ಅಂತ ಆ ಕಾನೂನಿನಲ್ಲೇ ಬರೆದಿದೆ. ಹಣೆಗೆ ಕುಂಕುಮ ಇಟ್ಟುಕೊಂಡೇ ಹೋಗಿ, ಕೂತುಕೊಳ್ಳಿ.

ಕೊನೆಯದಾಗಿ ಕೂಟದ ಕೆಲಸ. ಬಾಣಂತನಕ್ಕೆ, ಸಾವು ನೋವಿಗೆ ನಾವು ಸರದಿ ಮೇಲೆ ಊಟ ಕಳಿಸುತ್ತೇವೆ. ಜ್ಯೂರಿಯಲ್ಲಿ ಕೂತವರ ಮನೆಗೂ ಹಾಗೇ ಮಾಡೋಣ ಅಂತ ನನ್ನ ಪ್ರಸ್ತಾಪ. ಊಟ ಅಷ್ಟು ಮುಖ್ಯ ಅಲ್ಲ, ಮಧ್ಯಾಹ್ನ ಮೂರು ಗಂಟೆಗೆ ಸ್ಕೂಲಿನಿಂದ ಮಕ್ಕಳನ್ನು ಕರೆತರುವವರು ಬೇಕು. ಮನೆಯಲ್ಲಿ ಹಿರಿಯರಿದ್ದರೆ ಹಗಲು ಒಮ್ಮೆ ಹೋಗಿ ನೋಡಿ ಬರುವವರು ಬೇಕು. ಫ್ರೀಮಾಂಟ್ ಕಡೆಯವರಿಗೆ ಓಕ್‌ಲ್ಯಾಂಡ್ ಕೋರ್ಟಿಗೆ ಕರೆ ಬಂದರೆ ಬಾರ್ಟ್ ರೈಲಿನ ಸ್ಟೇಷನ್ನಿಗೆ ಬಿಡುವವರು ಬೇಕು. ಗಂಟೆ ಲೆಕ್ಕದಲ್ಲಿ ದುಡಿಯುವ ಸದಸ್ಯರಿಗೆ ಸಣ್ಣದೊಂದು ನೆರವಿನ ನಿಧಿ ಇಡಬಹುದಾ ಅಂತ ಖಜಾಂಚಿಯವರನ್ನು ಕೇಳಿದ್ದೇನೆ, ಲೆಕ್ಕ ನೋಡಿ ಹೇಳುತ್ತೇನೆ ಅಂದಿದ್ದಾರೆ. ಮುಂದಿನ ಸಮಿತಿ ಸಭೆಯಲ್ಲಿ ಇದನ್ನು ಇಡುತ್ತೇವೆ. ಯಾವ ವಾರದ ದಿನ, ಎಷ್ಟು ಹೊತ್ತು ನಿಮ್ಮಿಂದ ಆಗುತ್ತದೆ ಅಂತ ಅದಕ್ಕೆ ಮುಂಚೆ ಕಾರ್ಯದರ್ಶಿಗಳಿಗೆ ಒಂದು ಸಾಲು ಬರೆದು ತಿಳಿಸಿ, ಪಟ್ಟಿ ಶುರು ಮಾಡುತ್ತೇವೆ.

ನಿಮ್ಮ,
ಸಂಪಾದಕಿ