ಜೆರ್ಸಿ ಸೆಟ್‌ಗೆ 10 ರೂಪಾಯಿ ಜಾಸ್ತಿ, ಯಾಕೆ?

ಕೋಲಾರ, ಮಾಲೂರು, ಮುಳಬಾಗಿಲು, ಬಂಗಾರಪೇಟೆಯಿಂದ ಬಂದು ನಮ್ಮಲ್ಲಿ ಜೆರ್ಸಿ ಹೊಲಿಸುವ ಎಲ್ಲ ತಂಡಗಳಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಸೆಟ್‌ಗೆ 10 ರೂಪಾಯಿ ಹೆಚ್ಚಾಗುತ್ತದೆ. ಇಷ್ಟು ದಿನ ಸೆಟ್ ಅಂದರೆ ಅರ್ಧ ತೋಳಿನ ಜೆರ್ಸಿ, ಶಾರ್ಟ್ಸ್. ಬೇರೆ ಥರ ಬೇಕೆಂದವರು ಮೇಲೆ ದುಡ್ಡು ಕೊಡಬೇಕಿತ್ತು. ಇನ್ನು ತುಂಬು ತೋಳು, ಮೊಣಕಾಲು ಮುಚ್ಚುವ ಶಾರ್ಟ್ಸ್, ಉದ್ದ ಪ್ಯಾಂಟ್, ಸ್ಪೋರ್ಟ್ಸ್ ಹಿಜಾಬ್, ಸಿಖ್ ಹುಡುಗರು ತಲೆಗೆ ಕಟ್ಟುವ ಪಟ್ಕಾ, ಯಾವುದಾದರೂ ಒಂದೇ ದರ. ಬಟ್ಟೆ ಜಾಸ್ತಿ ಹಿಡಿಯುತ್ತದೆ ನಿಜ. ಆ ಖರ್ಚನ್ನು ಕೇಳಿದವರ ತಲೆಗೇ ಕಟ್ಟದೆ ಇಡೀ ತಂಡಕ್ಕೆ ಹಂಚಿದ್ದೇವೆ. ಒಂದು ತಂಡ ಅಂದಮೇಲೆ ಅಷ್ಟಾದರೂ ಬೇಡವಾ?

ಯಾರೋ ಒಂದು ಧರ್ಮದವರಿಗೆ ಮಾಡಿದ್ದು ಅಂದುಕೊಳ್ಳಬೇಡಿ. ಉದ್ದ ಪ್ಯಾಂಟ್ ಕೇಳಿಕೊಂಡು ಬರುವವರಲ್ಲಿ ಹಳ್ಳಿ ಕಡೆಯ ಖೋ-ಖೋ ಹುಡುಗಿಯರೇ ಜಾಸ್ತಿ. ಶಾರ್ಟ್ಸ್ ಅಂದರೆ ಮನೆಯಲ್ಲಿ ಕಳಿಸುವುದಿಲ್ಲ, ಅಷ್ಟೇ.

ಹಿಜಾಬ್ ವಿಷಯದಲ್ಲಿ ಹೊಲಿಗೆ ಮುಖ್ಯ. ಪಿನ್ ಚುಚ್ಚಿದ ದುಪಟ್ಟಾ ಆಟದಲ್ಲಿ ಅಪಾಯ. ಎದುರಿನವರ ಕೈ ಗೀರುತ್ತದೆ, ಯಾರಾದರೂ ಎಳೆದರೆ ಕುತ್ತಿಗೆಗೆ ಬಿಗಿಯುತ್ತದೆ. ನಮ್ಮದರಲ್ಲಿ ಪಿನ್ ಇಲ್ಲ, ಗುಂಡಿ ಇಲ್ಲ, ಗಂಟಿಲ್ಲ, ಜೋತಾಡುವ ಅಂಚಿಲ್ಲ. ಜೆರ್ಸಿ ಬಟ್ಟೆಯದ್ದೇ, ಒಳಗೆ ಎಲಾಸ್ಟಿಕ್. ತಲೆಯ ಮೇಲಿಂದ ಹಾಕಿಕೊಂಡರಾಯಿತು. ಬ್ಯಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ನಿಯಮ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. 2014ರಲ್ಲಿ ಚೀನಾದ ವುಹಾನ್‌ನಲ್ಲಿ ನಮ್ಮ ದೇಶದ ಆಟಗಾರರಾದ ಅಮೃತ್‌ಪಾಲ್ ಸಿಂಗ್, ಅಮ್ಜ್ಯೋತ್ ಸಿಂಗ್ ಅವರಿಗೆ ಪೇಟ ತೆಗೆದು ಆಡಿ ಅಂದಿದ್ದರು. ದೊಡ್ಡ ಗಲಾಟೆಯಾಯಿತು. 2017ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ನಿಯಮವನ್ನೇ ಬದಲಿಸಿ ಪೇಟ, ಹಿಜಾಬ್‌ಗೆ ಅವಕಾಶ ಕೊಟ್ಟಿತು. ಫುಟ್‌ಬಾಲ್‌ನಲ್ಲಿ ಇವಕ್ಕೆ 2014ರಲ್ಲೇ ಒಪ್ಪಿಗೆ ಸಿಕ್ಕಿದೆ. ನಮ್ಮ ಕಡೆ ಟೂರ್ನಮೆಂಟ್‌ನಲ್ಲಿ ಯಾರಾದರೂ ತಕರಾರು ತೆಗೆದರೆ ಇದನ್ನು ಹೇಳಿ. ಆದರೂ ತಂಡದ ಹೆಸರು ಕೊಡುವಾಗಲೇ ಆಯೋಜಕರನ್ನು ಕೇಳಿಟ್ಟುಕೊಳ್ಳಿ, ಪಂದ್ಯದ ದಿನ ಜಗಳ ಯಾಕೆ?

ಎಲ್ಲವನ್ನೂ ಒಂದೇ ಆರ್ಡರ್‌ನಲ್ಲಿ ಕೊಡಿ. ತಿಂಗಳಾದ ಮೇಲೆ "ಇನ್ನೆರಡು ಬೇಕಿತ್ತು" ಅಂದರೆ ಥಾನು ಬದಲಾಗಿರುತ್ತದೆ, ಬಣ್ಣ ಕೂಡಿಬರುವುದಿಲ್ಲ.

ಅಳತೆ ಹಾಳೆಯಲ್ಲಿ ಆಟಗಾರರೇ ಬೇಕಾದ್ದಕ್ಕೆ ಗುರುತು ಹಾಕಲಿ. ಕೋಚ್‌ಗಳೇ, ದಯವಿಟ್ಟು ಎಲ್ಲರ ಮುಂದೆ ನಿಲ್ಲಿಸಿ "ನಿನಗೆ ಯಾವುದಮ್ಮಾ?" ಅಂತ ಕೇಳಬೇಡಿ. ಎಷ್ಟೋ ಮಕ್ಕಳು ಸುಮ್ನೆ "ಎಲ್ಲರದ್ದೇ ಸಾಕು ಸಾರ್" ಅಂದುಬಿಡುತ್ತಾರೆ, ಆಮೇಲೆ ಆಡಲು ಬರುವುದೇ ಇಲ್ಲ. ಹಾಳೆಯಲ್ಲಿ ಜಾತಿ, ಧರ್ಮದ ಕಾಲಂ ಇಲ್ಲ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ದರವೇ. ಹೊಸ ಹಾಳೆ ಅಂಗಡಿಯಲ್ಲಿ ಸಿಗುತ್ತದೆ, ವಾಟ್ಸಾಪ್‌ನಲ್ಲೂ ಕಳಿಸುತ್ತೇವೆ.

ಇಂತಿ,
ನಿಮ್ಮ ಜೆರ್ಸಿ ಅಂಗಡಿಯವರು, ಕೋಲಾರ