ಗಾಳಿ ವಾಯವ್ಯದಿಂದ ಬೀಸತೊಡಗಿದಾಗ

ನಮ್ಮ ಕನ್ನಡ ಸಂಘದ ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ನಮ್ಮ ಊರಾದ ವಿನ್ನಿಪೆಗ್‌ನ ಹವೆ ಪೂರ್ತಿ ಬದಲಾಗಿರುತ್ತದೆ. ಅಕ್ಟೋಬರ್ ತಿಂಗಳುದ್ದಕ್ಕೂ ನಾವು ಕಂಡದ್ದು ಈ ಊರಿನ ಋತುಮಾನಕ್ಕೆ ಹೊಂದದ ಬಿಸಿಲು. ಇಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಾಗುವಷ್ಟರಲ್ಲಿ ಇಬ್ಬನಿ ಹೆಪ್ಪುಗಟ್ಟಿ, ಹಿತ್ತಲಿನ ಬದನೆ, ಮೆಣಸು, ಹೀರೆಬಳ್ಳಿಗಳು ಒಂದೇ ರಾತ್ರಿಯಲ್ಲಿ ಕಪ್ಪಾಗಿ ಜೋತುಬೀಳುತ್ತವೆ. ಈ ವರ್ಷ ದಸರೆಯ ಬೊಂಬೆಗಳನ್ನು ಎತ್ತಿಟ್ಟ ಮೇಲೂ ಹಿತ್ತಲಿನಲ್ಲಿ ಹಸಿಮೆಣಸಿನಕಾಯಿ ಕೊಯ್ದವರು ನಮ್ಮಲ್ಲಿ ಹಲವರಿದ್ದಾರೆ. ಅಸಿನಿಬೋಯಿನ್ ನದಿಯ ದಂಡೆಯಲ್ಲಿ ಸಂಜೆಯ ಹೊತ್ತು ಜನ ಅರ್ಧ ತೋಳಿನ ಅಂಗಿಯಲ್ಲೇ ಅಡ್ಡಾಡುತ್ತಿದ್ದರು. ಮೊನ್ನೆಯಿಂದ ಗಾಳಿ ದಿಕ್ಕು ಬದಲಿಸಿದೆ. ದಕ್ಷಿಣದಿಂದ ಬರುತ್ತಿದ್ದುದು ಈಗ ವಾಯವ್ಯದಿಂದ ಬೀಸುತ್ತಿದೆ, ಮೋಡ ತಗ್ಗಿಗೆ ಇಳಿದಿದೆ, ರಾತ್ರಿ ಆರಂಭವಾದ ಮಳೆ ಬೆಳಗಿನ ಜಾವದ ಹೊತ್ತಿಗೆ ಸಣ್ಣ ಮಂಜಿನ ಹರಳುಗಳಾಗಿ ಕಿಟಕಿಯ ಗಾಜಿಗೆ ಬಡಿಯುತ್ತಿತ್ತು.

ಬೆಚ್ಚನೆಯ ದಿನಗಳನ್ನು ಸಂತೋಷದಿಂದ ಕಳೆದುದರಲ್ಲಿ ತಪ್ಪೇನೂ ಇಲ್ಲ. ಆರು ತಿಂಗಳ ಚಳಿಯನ್ನು ಎದುರು ನೋಡುವ ಊರಿನಲ್ಲಿ ಅಂಥ ಒಂದೊಂದು ಸಂಜೆಗೂ ಬೆಲೆಯಿದೆ. ಆದರೆ ಪ್ರೇರಿ ಎಂಬ ಈ ವಿಶಾಲ ಹುಲ್ಲುಬಯಲಿನಲ್ಲಿ ಹೆಚ್ಚಿನ ಅನಾಹುತಗಳು ನಡುಚಳಿಗಾಲದಲ್ಲಲ್ಲ, ಇಂಥ ತಿರುವಿನ ಹೊತ್ತಿನಲ್ಲೇ ಜನರನ್ನು ಸಿದ್ಧತೆಯಿಲ್ಲದೆ ಹಿಡಿಯುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜನವರಿಯಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿದಾಗ ಯಾರೂ ಕೈಗವಸು ಮರೆತು ಮನೆ ಬಿಡುವುದಿಲ್ಲ. ಮರೆಯುವುದು ಈಗ.

ಕಾರಣ ತಿಳಿದರೆ ಎಚ್ಚರವೂ ತಾನಾಗಿ ಬರುತ್ತದೆ. ಕರ್ನಾಟಕದಲ್ಲಿ ಬೆಳೆದ ನಮಗೆ ಅಕ್ಟೋಬರ್, ನವೆಂಬರ್ ತಿಂಗಳ ಬಿರುಗಾಳಿ ಎಂದರೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತ. ಚಿತ್ತಾ, ಸ್ವಾತಿ ಮಳೆಯ ದಿನಗಳಲ್ಲಿ ಅದು ಬೆಚ್ಚಗಿನ ಕಡಲಿನಿಂದ ಬಲ ಪಡೆದು ದಡ ಮುಟ್ಟುತ್ತದೆ, ನೆಲದ ಮೇಲೆ ಬಂದ ಬಳಿಕ ಸೊರಗುತ್ತದೆ. ಇಲ್ಲಿನ ಬಿರುಗಾಳಿಯ ಜಾತಿಯೇ ಬೇರೆ. ಅದಕ್ಕೆ ಬಲ ಬರುವುದು ಬಿಸಿ ಗಾಳಿಗೂ ಶೀತ ಗಾಳಿಗೂ ನಡುವೆ ಇರುವ ಉಷ್ಣತೆಯ ಅಂತರದಿಂದ. ಅಕ್ಟೋಬರ್ ಹೊತ್ತಿಗೆ ಉತ್ತರ ಧ್ರುವದ ಕಡೆ ಹಗಲು ಕುಗ್ಗಿ ಗಾಳಿ ಬೇಗಬೇಗನೆ ತಣ್ಣಗಾಗುತ್ತಿರುತ್ತದೆ. ದಕ್ಷಿಣದಲ್ಲಿ ಬೇಸಿಗೆಯ ಕಾವು ಇನ್ನೂ ಉಳಿದಿರುತ್ತದೆ. ಈ ಎರಡರ ಗಡಿಯ ಮೇಲೆ, ಬಹಳ ಎತ್ತರದಲ್ಲಿ, ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿಯ ಹೊಳೆ ಹರಿಯುತ್ತದೆ. ಆ ಹೊಳೆ ನಮಗಿಂತ ಉತ್ತರದಲ್ಲಿ ಹರಿಯುವಷ್ಟು ದಿನ ನಮಗೆ ಬಿಸಿಲು. ಅದು ದಕ್ಷಿಣಕ್ಕೆ ಬಾಗಿದ ದಿನ ಧ್ರುವದ ಗಾಳಿ ನಮ್ಮ ಮೇಲೆ ಇಳಿಯುತ್ತದೆ, ಮತ್ತು ಅದನ್ನು ಅಡ್ಡಗಟ್ಟುವ ಪರ್ವತಸಾಲು ಉತ್ತರ ದಿಕ್ಕಿನಲ್ಲಿ ಒಂದೂ ಇಲ್ಲ.

ಈ ಗಡಿಯ ಮೇಲೆ ಹುಟ್ಟುವ ಬಿರುಗಾಳಿಗಳಲ್ಲಿ ಎರಡರ ಹೆಸರನ್ನು ನಾವೆಲ್ಲ ರೇಡಿಯೊದಲ್ಲಿ ಕೇಳುತ್ತಲೇ ಇರುತ್ತೇವೆ. ರಾಕಿ ಪರ್ವತಗಳ ಪೂರ್ವ ಮಗ್ಗುಲಲ್ಲಿ ಹುಟ್ಟಿ, ಆಗ್ನೇಯಕ್ಕೆ ವೇಗವಾಗಿ ಸಾಗುವ ಆಲ್ಬರ್ಟಾ ಕ್ಲಿಪರ್‌ನಲ್ಲಿ ತೇವಾಂಶ ಕಡಿಮೆ. ಅದು ತೆಳುವಾಗಿ ಹಿಮ ಸುರಿಸಿ, ಬೆನ್ನಿಗೆ ಕೊರೆಯುವ ಗಾಳಿಯನ್ನು ತಂದು ಹೋಗುತ್ತದೆ. ಕೊಲರಾಡೊ ಲೋ ಅದಕ್ಕಿಂತ ಭಾರಿಯಾದುದು. ಅಮೆರಿಕದ ಕೊಲರಾಡೊ ಭಾಗದಲ್ಲಿ ಹುಟ್ಟುವ ಈ ವಾಯುಭಾರ ಕುಸಿತ ಮೆಕ್ಸಿಕೊ ಕೊಲ್ಲಿಯ ತೇವಾಂಶವನ್ನು ಉತ್ತರಕ್ಕೆ ಎಳೆದುಕೊಳ್ಳುತ್ತ ನಮ್ಮತ್ತ ಬರುವುದರಿಂದ ಮಳೆ, ಹೆಪ್ಪುಮಳೆ (ನೆಲ ಮುಟ್ಟಿದೊಡನೆ ಗಟ್ಟಿಯಾಗುವ ಮಳೆ), ತೊಯ್ದ ಹಿಮ ಎಲ್ಲವನ್ನೂ ಒಂದರ ಹಿಂದೊಂದರಂತೆ ಸುರಿಸಬಲ್ಲದು. ಹೊಸಬರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ ಒಂದಿದೆ: ಇಂಥ ಬಿರುಗಾಳಿಯ ಮುಂಭಾಗದಲ್ಲಿ ಗಾಳಿ ದಕ್ಷಿಣದಿಂದ ಬೀಸುತ್ತದೆ. ಆದ್ದರಿಂದ ಅದು ಬರುವ ಹಿಂದಿನ ದಿನ ಎಷ್ಟೋ ಸಲ ಆ ವಾರದಲ್ಲೇ ಅತ್ಯಂತ ಹಿತವಾದ ದಿನವಾಗಿರುತ್ತದೆ. ಅಂಗಳದಲ್ಲಿ ನಿಂತು ಆಕಾಶ ನೋಡಿ ನಾಳೆಯನ್ನು ಅಂದಾಜು ಮಾಡುವ ನಮ್ಮ ಹಿರಿಯರ ಅಭ್ಯಾಸ ಇಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಇದಕ್ಕೆ 1940ರ ನವೆಂಬರ್ 11ಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಂದು ಅಮೆರಿಕದಲ್ಲಿ ಮೊದಲ ಮಹಾಯುದ್ಧದ ಕದನವಿರಾಮದ ನೆನಪಿನ ರಜೆ. ನಮ್ಮ ನೆರೆಯ ಮಿನೆಸೋಟದಲ್ಲಿ ಬೆಳಿಗ್ಗೆ ಆ ಕಾಲಕ್ಕೆ ಸಲ್ಲದಷ್ಟು ಹಿತವಾದ ಹವೆ. ಬಾತುಕೋಳಿ ಬೇಟೆಗೆಂದು ನೂರಾರು ಜನ ತೆಳುವಾದ ಅಂಗಿ, ಜಾಕೆಟ್ಟುಗಳಲ್ಲೇ ಮಿಸಿಸಿಪ್ಪಿ ನದಿಯ ನಡುಗಡ್ಡೆಗಳಿಗೆ ದೋಣಿಯಲ್ಲಿ ಹೋದರು. ಹೊತ್ತೇರುತ್ತಿದ್ದಂತೆ ಆಕಾಶದ ತುಂಬ ಬಾತುಕೋಳಿಗಳು, ಕೈಗೆಟುಕುವಷ್ಟು ಕೆಳಗೆ, ಹಿಂಡುಹಿಂಡಾಗಿ ಬರತೊಡಗಿದವು. ಬೇಟೆಗಾರರು ಅದನ್ನು ತಮ್ಮ ಅದೃಷ್ಟವೆಂದುಕೊಂಡು ಇನ್ನಷ್ಟು ಹೊತ್ತು ಅಲ್ಲೇ ಉಳಿದರು. ಆ ಹಕ್ಕಿಗಳು ಬಿರುಗಾಳಿಯ ಮುಂದೆ ಓಡುತ್ತಿದ್ದವು. ಕೆಲವೇ ಗಂಟೆಗಳಲ್ಲಿ ಉಷ್ಣತೆ ಕುಸಿದು, ಮಳೆ ಹಿಮವಾಗಿ, ನದಿಯಲ್ಲಿ ಎದ್ದ ಅಲೆಗಳಿಗೆ ದೋಣಿಗಳು ಮಗುಚಿದವು. ನಡುಗಡ್ಡೆಗಳಲ್ಲಿ ಸಿಕ್ಕಿಕೊಂಡವರು ಒದ್ದೆಬಟ್ಟೆಯಲ್ಲಿ ಇರುಳು ಕಳೆಯಬೇಕಾಯಿತು. ಮರುದಿನ ವೈನೋನಾ ಪಟ್ಟಣದ ವಿಮಾನ ಚಾಲಕ ಮ್ಯಾಕ್ಸ್ ಕಾನ್ರಾಡ್ ಆ ಬಿರುಗಾಳಿಯಲ್ಲೇ ಪುಟ್ಟ ವಿಮಾನ ಹಾರಿಸಿ, ಬದುಕಿದ್ದವರಿಗೆ ಆಹಾರ, ಬೆಂಕಿಕಡ್ಡಿ ತುಂಬಿದ ಡಬ್ಬಗಳನ್ನು ಮೇಲಿನಿಂದ ಹಾಕಿ, ರಕ್ಷಣೆಗೆ ಬಂದ ದೋಣಿಗಳಿಗೆ ದಾರಿ ತೋರಿಸಿದರು. ಮಿನೆಸೋಟ ಒಂದರಲ್ಲೇ 49 ಜನ ಸತ್ತರು, ಅವರಲ್ಲಿ ಅರ್ಧದಷ್ಟು ಮಂದಿ ಬೇಟೆಗಾರರು. ಆ ಕಾಲದಲ್ಲಿ ಇಡೀ ಪ್ರದೇಶದ ಹವಾಮಾನ ಮುನ್ಸೂಚನೆ ದೂರದ ಷಿಕಾಗೊದಿಂದ ಬರುತ್ತಿತ್ತು, ಅಲ್ಲಿ ರಾತ್ರಿ ಪಾಳಿಯೂ ಇರಲಿಲ್ಲ. ಈ ದುರಂತದ ನಂತರವೇ ಆ ಏರ್ಪಾಡು ಬದಲಾಯಿತು. ಇಂದು ಮೂರ್ನಾಲ್ಕು ದಿನ ಮೊದಲೇ ಎಚ್ಚರಿಕೆ ನಮ್ಮ ಫೋನಿಗೇ ಬರುತ್ತದೆ. ಅದನ್ನು ಓದಿಯೂ ಹೊರಗಿನ ಬಿಸಿಲನ್ನೇ ನಂಬುವುದಾದರೆ, ಅಂದು ಏನೂ ತಿಳಿಯದೆ ಹೋದವರಿಗಿದ್ದ ಸಮರ್ಥನೆ ನಮಗಿಲ್ಲ.

ನಮ್ಮ ಮ್ಯಾನಿಟೋಬಾದ ಉದಾಹರಣೆ ಇನ್ನೂ ಹತ್ತಿರದ್ದು. 2019ರಲ್ಲಿ ವಿಜಯದಶಮಿ ಅಕ್ಟೋಬರ್ 8ಕ್ಕೆ ಬಂದಿತ್ತು. ಅದಾದ ಎರಡೇ ದಿನಕ್ಕೆ, ಇಲ್ಲಿನ ಸುಗ್ಗಿಯ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ರಜೆಯ ಹೊಸ್ತಿಲಲ್ಲಿ, ಕೊಲರಾಡೊ ಲೋ ಬಂದೆರಗಿತು. ಮರಗಳು ಇನ್ನೂ ಎಲೆ ಉದುರಿಸಿರಲಿಲ್ಲ. ಒಣ ಹಿಮವಾದರೆ ಗಾಳಿಗೆ ಹಾರಿಹೋಗುತ್ತದೆ, ಬರಿಯ ಕೊಂಬೆಯ ಮೇಲೆ ಹೆಚ್ಚು ನಿಲ್ಲುವುದೂ ಇಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ತೊಯ್ದ ಹಿಮ ಒಂದೊಂದು ಎಲೆಗೂ ಮೆತ್ತಿಕೊಂಡು ಕೊಂಬೆಯನ್ನು ಕೆಳಕ್ಕೆ ಜಗ್ಗುತ್ತದೆ. ವಿನ್ನಿಪೆಗ್‌ನ ಹೆಮ್ಮೆಯಾದ ಎಲ್ಮ್ ಮರಗಳು ರಾತ್ರಿಯಿಡೀ ಸಿಡಿಲಿನ ಸದ್ದು ಮಾಡುತ್ತ ಮುರಿದು ವಿದ್ಯುತ್ ತಂತಿಗಳ ಮೇಲೆ ಬಿದ್ದವು. ನಗರವೊಂದರಲ್ಲೇ ಹಾನಿಗೊಂಡ ಮರಗಳ ಸಂಖ್ಯೆಯನ್ನು ಸುಮಾರು 30,000 ಎಂದು ಅಂದಾಜಿಸಲಾಯಿತು. ಪೋರ್ಟೇಜ್ ಲಾ ಪ್ರೈರಿಯ ಸುತ್ತಮುತ್ತ ಕಂಬಗಳೇ ಸಾಲಾಗಿ ಉರುಳಿದವು. ಅಕ್ಟೋಬರ್ 13ರಂದು ಪ್ರಾಂತ್ಯದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನೆರೆಯ ಪ್ರಾಂತ್ಯಗಳಿಂದ ಲೈನ್‌ಮನ್‌ಗಳು ಬಂದು ದುಡಿದರು. ಮೂಲನಿವಾಸಿ ಸಮುದಾಯಗಳ ಸಾವಿರಾರು ಜನ ವಿದ್ಯುತ್ತಿಲ್ಲದ ಮನೆಗಳನ್ನು ಬಿಟ್ಟು ವಿನ್ನಿಪೆಗ್‌ನಲ್ಲಿ ಆಶ್ರಯ ಪಡೆಯಬೇಕಾಯಿತು. ವಿದ್ಯುತ್ ಹೋಯಿತೆಂದರೆ ಮನೆ ಬಿಸಿಮಾಡುವ ಗ್ಯಾಸಿನ ಫರ್ನೇಸ್ ಕೂಡ, ಅದರ ಫ್ಯಾನ್ ವಿದ್ಯುತ್ತಿನಿಂದ ನಡೆಯುವುದರಿಂದ, ನಿಲ್ಲುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಹೊಳೆಯುವುದೇ ಇಲ್ಲ.

ಮಳೆ, ಗಾಳಿ ಎಲ್ಲರಿಗೂ ಕೆಟ್ಟದ್ದೇ ಎಂದೇನೂ ಅಲ್ಲ. ಒಣಗಿದ ಅಕ್ಟೋಬರಿನಲ್ಲಿ ಕ್ಯಾನೋಲ ಎಂಬ ಎಣ್ಣೆಕಾಳು, ಸೋಯಾ ಇವುಗಳ ಕಟಾವು ಸುಗಮವಾಗಿ ನಡೆಯುತ್ತದೆ. ಆದರೆ ನೆಲ ಹೆಪ್ಪುಗಟ್ಟುವ ಮೊದಲು ಒಂದು ಹದವಾದ ಮಳೆ ಬಿದ್ದು ಮಣ್ಣಿನೊಳಕ್ಕೆ ಇಂಗದಿದ್ದರೆ ಮುಂದಿನ ವಸಂತದ ಬಿತ್ತನೆಗೆ ತೇವ ಸಾಲುವುದಿಲ್ಲವೆಂದು ಇಲ್ಲಿನ ರೈತರು ಚಿಂತಿಸುತ್ತಾರೆ. ಹಿಂಗಾರು ಮಳೆಯನ್ನು ನಂಬಿ ಜೋಳ, ಕಡಲೆ ಬಿತ್ತುವ ಉತ್ತರ ಕರ್ನಾಟಕದಿಂದ ಬಂದವರಿಗೆ ಈ ಚಿಂತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಹವಾಮಾನ ಬದಲಾವಣೆಯ ಮಾತು: ಕೆನಡಾದ ವಾರ್ಷಿಕ ಸರಾಸರಿ ಉಷ್ಣತೆ 1948ರಿಂದ 2016ರವರೆಗೆ 1.7 ಡಿಗ್ರಿ ಸೆಲ್ಸಿಯಸ್ ಏರಿದೆ. ಒಂದು ತಿಂಗಳ ಬಿಸಿಲಿನಿಂದ ಏನನ್ನೂ ಸಾಬೀತುಪಡಿಸಲಾಗದು, ಆದರೆ ಇಂಥ ಅಕ್ಟೋಬರುಗಳು ಇನ್ನು ಮುಂದೆ ಅಪರೂಪವಾಗಿರುವುದಿಲ್ಲವೆಂದು ಭಾವಿಸಿ ನಮ್ಮ ಅಭ್ಯಾಸಗಳನ್ನು ರೂಢಿಸಿಕೊಳ್ಳುವುದೇ ವಿವೇಕ.

ನನಗೆ ಅತ್ಯಂತ ಕಾಳಜಿ ಇರುವುದು ಸೆಪ್ಟೆಂಬರ್ ಹೊತ್ತಿಗೆ ಬಂದಿಳಿದ ವಿದ್ಯಾರ್ಥಿಗಳ ಬಗ್ಗೆ. ಊರಿನಿಂದ ತಂದ ಒಂದು ಸ್ವೆಟರ್ ಅವರಿಗೆ ಈವರೆಗೆ ಸಾಕಾಗಿದೆ. ಒಳ್ಳೆಯ ಕೋಟು, ಬೂಟು ಕೊಳ್ಳಲು ಹಣ ತೆಗೆದಿಡಬೇಕು ಎಂದುಕೊಂಡವರು ಬಿಸಿಲು ಕಂಡು ಆ ಹಣವನ್ನು ಬಾಡಿಗೆಗೆ ಕೊಟ್ಟಿದ್ದಾರೆ, ಅದನ್ನು ತಪ್ಪೆನ್ನಲು ಯಾರಿಗೂ ಬಾಯಿಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ಸಿಗಾಗಿ ಕಾಯುವ ಹುಡುಗ ಹುಡುಗಿಯರಿಗೆ ಸೊನ್ನೆಯ ಆಸುಪಾಸಿನ ಚಳಿ, ಮಳೆಯಲ್ಲಿ ನೆನೆದ ಬಟ್ಟೆ ಮತ್ತು ಗಾಳಿ ಮೂರೂ ಸೇರಿದರೆ ಒಣಚಳಿಗಿಂತ ಹೆಚ್ಚು ಅಪಾಯವೆಂದು ಮೊದಲೇ ಹೇಳಿದವರು ಯಾರು? ನಮ್ಮ ಮನೆಗಳ ಬೀರುಗಳಲ್ಲಿ ಮಕ್ಕಳು ಬೆಳೆದು ಬಿಟ್ಟ, ಚೆನ್ನಾಗಿಯೇ ಇರುವ ಕೋಟುಗಳು ತೂಗುತ್ತಿವೆ. ಅವುಗಳನ್ನು ಒಗೆದು, ಜಿಪ್ಪು ಸರಿಯಿದೆಯೇ ನೋಡಿ, ಈ ವಾರವೇ ಸಂಘದ ಸ್ವಯಂಸೇವಕರಿಗೆ ತಲುಪಿಸಬೇಕೆಂದು ಪ್ರತಿ ಕುಟುಂಬವನ್ನೂ ಕೇಳಿಕೊಳ್ಳುತ್ತೇನೆ. ಹಾಗೆಯೇ ಮಕ್ಕಳ ಮನೆಗೆ ಬಂದಿರುವ ತಂದೆತಾಯಂದಿರು ಸಂಜೆಯ ವಾಕಿಂಗ್ ಬಿಡಲೊಪ್ಪುವುದಿಲ್ಲ. ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಕರಗಿದ ನೀರು ಕಾಲುದಾರಿಯ ಮೇಲೆ ಕಾಣದ ಮಂಜಾಗಿ ಹೆಪ್ಪುಗಟ್ಟುತ್ತದೆ. ಅವರ ವಾಕಿಂಗನ್ನು ಮಧ್ಯಾಹ್ನದ ಊಟದ ನಂತರಕ್ಕೆ ಬದಲಾಯಿಸುವಂತೆ ನಯವಾಗಿ ಒಪ್ಪಿಸಿರಿ.

ಗಿಡಗಳ ಮಾತನ್ನೂ ಇಲ್ಲಿ ಹೇಳಲೇಬೇಕು, ಏಕೆಂದರೆ ಬೆಚ್ಚನೆಯ ಶರತ್ಕಾಲದಲ್ಲಿ ನಮ್ಮ ಕರಿಬೇವು, ತುಳಸಿ, ಮಲ್ಲಿಗೆಯ ಕುಂಡಗಳು ಡೆಕ್ಕಿನ ಮೇಲೆ ಇರಬೇಕಾದುದಕ್ಕಿಂತ ಹೆಚ್ಚು ದಿನ ಉಳಿದುಬಿಡುತ್ತವೆ. ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯತೊಡಗಿದಾಗಲೇ ಅವು ಒಳಗೆ ಬರಬೇಕು. ತರುವ ಮೊದಲು ಪ್ರತಿ ಎಲೆಯ ಅಡಿಭಾಗವನ್ನೂ ಬೆಳಕಿಗೆ ಹಿಡಿದು ನೋಡಿ: ಸಣ್ಣ ಚುಕ್ಕಿಯಂಥ ನುಸಿ, ತೆಳುವಾದ ಬಲೆ ಕಂಡರೆ ನಲ್ಲಿ ನೀರಿನಿಂದ ಚೆನ್ನಾಗಿ ತೊಳೆಯಬೇಕು, ಇಲ್ಲವಾದರೆ ಫರ್ನೇಸಿನ ಒಣ ಗಾಳಿಯಲ್ಲಿ ಅವು ಹೆಚ್ಚಿ ಗಿಡವನ್ನೇ ತಿಂದುಹಾಕುತ್ತವೆ. ದಕ್ಷಿಣದ ಕಿಟಕಿಯ ಬಳಿ ಇಟ್ಟು, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಚಳಿಗಾಲದಲ್ಲಿ ಕರಿಬೇವು ಎಲೆ ಉದುರಿಸಿ ಬೋಳಾದರೆ ಸತ್ತಿತೆಂದು ಎಸೆಯಬೇಡಿ, ಬೇರು ಗಟ್ಟಿಯಿದ್ದರೆ ಮಾರ್ಚ್, ಏಪ್ರಿಲ್ ಹೊತ್ತಿಗೆ ಚಿಗುರುತ್ತದೆ. ದೀಪಾವಳಿಯ ಅಮಾವಾಸ್ಯೆ ಕಳೆದು ಹನ್ನೆರಡನೆಯ ದಿನದ ಉತ್ಥಾನ ದ್ವಾದಶಿಗೆ ತುಳಸಿ ಪೂಜೆ ಮಾಡುವವರು, ಪೂಜೆಯ ದಿನದವರೆಗೆ ಹೊರಗಿರಲಿ ಎಂದು ಕಾಯದೆ ಇಂದೇ ಗಿಡವನ್ನು ಒಳಗೆ ತನ್ನಿ.

ಮನೆ, ಕಾರುಗಳ ಸಿದ್ಧತೆ ಹಳಬರಿಗೆಲ್ಲ ಗೊತ್ತಿರುವುದೇ. ಹೊರಗಿನ ನಲ್ಲಿಯಿಂದ ಹೋಸ್ ಪೈಪು ಕಳಚಿ, ಬೇಸ್‌ಮೆಂಟಿನ ಒಳಗಿರುವ ವಾಲ್ವ್ ಮುಚ್ಚಿ ನೀರು ಬಸಿಯಿರಿ. ಉಷ್ಣತೆ 7 ಡಿಗ್ರಿಗಿಂತ ಕೆಳಗೆ ನಿಂತರೆ ಸಾಮಾನ್ಯ ಟೈರಿನ ರಬ್ಬರು ಬಿಗಿಯಾಗಿ ಹಿಡಿತ ತಪ್ಪುತ್ತದೆ, ವಿಂಟರ್ ಟೈರಿಗೆ ಹಿಮ ಬೀಳಲೆಂದು ಕಾಯಬೇಕಿಲ್ಲ. ವಿದ್ಯುತ್ ಹೋದಾಗ ಬಾರ್ಬೆಕ್ಯೂ ಒಲೆಯನ್ನಾಗಲಿ ಜನರೇಟರನ್ನಾಗಲಿ ಮನೆಯೊಳಗೆ ಅಥವಾ ಗ್ಯಾರೇಜಿನಲ್ಲಿ ಹಚ್ಚಲೇಬಾರದು. ಅದರ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಕೊನೆಯದಾಗಿ ರಾಜ್ಯೋತ್ಸವದ ವಿಷಯ. ಮಕ್ಕಳು ವಾರಗಳಿಂದ ನೃತ್ಯ, ನಾಟಕ ಅಭ್ಯಾಸ ಮಾಡಿದ್ದಾರೆ, ಸಭಾಂಗಣಕ್ಕೆ ಮುಂಗಡ ಕೊಟ್ಟಿದೆ, ಅಡುಗೆಯವರಿಗೆ ಬಿಸಿಬೇಳೆಬಾತು, ಹೋಳಿಗೆಗೆ ಹೇಳಿದ್ದಾಗಿದೆ. ಇಷ್ಟೆಲ್ಲ ಆದ ಮೇಲೆ ಕಾರ್ಯಕ್ರಮ ಮುಂದೂಡುವುದು ಯಾರಿಗೂ ಇಷ್ಟವಿಲ್ಲ. ಆದರೂ ಅಂದು ಬಿರುಗಾಳಿಯ ಅಥವಾ ಹೆಪ್ಪುಮಳೆಯ ಎಚ್ಚರಿಕೆ ಜಾರಿಯಲ್ಲಿದ್ದರೆ ಕಾರ್ಯಕ್ರಮವನ್ನು ಒಂದು ವಾರ ಮುಂದಕ್ಕೆ ಹಾಕಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ನಾನು ವಾದಿಸಿದ್ದೇನೆ, ಸಮಿತಿ ಒಪ್ಪಿದೆ. ಬ್ರಾಂಡನ್, ಸ್ಟೈನ್‌ಬ್ಯಾಕ್ ಕಡೆಯಿಂದ ಪುಟ್ಟ ಮಕ್ಕಳನ್ನು ಕರೆದುಕೊಂಡು ಬಯಲಿನ ಹೆದ್ದಾರಿಯಲ್ಲಿ ಬರುವ ಕುಟುಂಬಗಳಿವೆ, ರಾತ್ರಿ ಅದೇ ದಾರಿಯಲ್ಲಿ ಮರಳಬೇಕಾದವರು ಅವರು. ನಿರ್ಧಾರ ಹಿಂದಿನ ದಿನ ಮಧ್ಯಾಹ್ನವೇ ಆಗುತ್ತದೆ. ವಾಟ್ಸಾಪ್ ನೋಡದ ಹಿರಿಯರಿಗೂ ದೂರದ ಊರಿನವರಿಗೂ ಸ್ವಯಂಸೇವಕರು ಖುದ್ದು ಫೋನ್ ಮಾಡಿ ತಿಳಿಸುತ್ತಾರೆ. ನಿಮ್ಮ ನಂಬರು ಬದಲಾಗಿದ್ದರೆ ದಯವಿಟ್ಟು ಈ ವಾರದೊಳಗೆ ಕಾರ್ಯದರ್ಶಿಯವರಿಗೆ ತಿಳಿಸಿರಿ.