ಗಂಟೆ ಬಾರಿಸದ ಪೂಜೆ

ಪ್ರೀತಿಯ ತಮ್ಮ,

ನಿನ್ನ ಕಥೆ ಮೊನ್ನೆ ಕೈಸೇರಿತು. ಎರಡು ಸಲ ಓದಿದೆ. ಎಂಜಿನಿಯರಿಂಗ್ ಮುಗಿಸಿ ಊರಿಗೆ ಬಂದ ಮೊಮ್ಮಗ ದೇವರ ಕೋಣೆಯ ಬಾಗಿಲಲ್ಲಿ ನಿಂತು ದೇವರಿಲ್ಲ ಅಂತ ವಾದ ಮಾಡುತ್ತಾನೆ. ಅಜ್ಜಿ ತಡವರಿಸುತ್ತಾಳೆ. ಕಥೆ ಮುಗಿಯುತ್ತದೆ. ಭಾಷೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಜ್ಜಿಯ ಬಾಯಲ್ಲಿ ಒಂದೇ ಒಂದು ಗಟ್ಟಿ ಮಾತಿಲ್ಲ. ಮೊಮ್ಮಗ ಸುಲಭವಾಗಿ ಗೆದ್ದುಬಿಟ್ಟ. ನನಗೆ ನಿಜಕ್ಕೂ ಬೇಸರವಾಯಿತು. ಯಾಕೆ ಗೊತ್ತಾ? ಈ ಜಗಳ ನಮ್ಮಲ್ಲಿ ನಡೆದ ರೀತಿ ನೋಡಿದರೆ, ಭಕ್ತ ಯಾವ ಕಡೆ ನಿಂತಿದ್ದಾನೆ ಅಂತ ಹೇಳುವುದೇ ಕಷ್ಟ.

ರಾಮಾನುಜರನ್ನೇ ನೋಡು. ಮಡಕೆ ಇದ್ದ ಮೇಲೆ ಕುಂಬಾರ ಇರಲೇಬೇಕು, ಜಗತ್ತು ಇದ್ದ ಮೇಲೆ ಅದನ್ನು ಮಾಡಿದವನೂ ಇರಬೇಕು ಅನ್ನುವುದು ತರ್ಕವನ್ನೇ ನೆಚ್ಚಿದ ನ್ಯಾಯ ಪಂಥದವರ ವಾದ. ನಿನ್ನ ಅಜ್ಜಿ ಹೇಳುವುದೂ ಹೆಚ್ಚುಕಡಿಮೆ ಇದೇ. ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ ರಾಮಾನುಜರು ಈ ವಾದವನ್ನು ಒಂದೊಂದೇ ತುಂಡಾಗಿ ಬಿಚ್ಚಿಹಾಕುತ್ತಾರೆ. ಮಾಡಿದವನು ಒಬ್ಬನೇ ಅಂತ ಹೇಗೆ ಗೊತ್ತು? ದೊಡ್ಡ ಕೆಲಸಕ್ಕೆ ಹಲವು ಕೈ ಸೇರುತ್ತವಲ್ವಾ? ಎಲ್ಲವೂ ಒಂದೇ ಸಲ ಆಯಿತು ಅಂತ ಕಂಡವರು ಯಾರು? ನಾವು ನೋಡಿದ ಕುಂಬಾರರಿಗೆಲ್ಲ ಮೈ ಇದೆ, ದೇವರಿಗೂ ಅಂಥದೇ ಮೈ ಇದೆಯಾ? ಹಡಗು ಕಟ್ಟಲು ಎಷ್ಟೋ ಜನ ಬೇಕು, ಜಗತ್ತಿಗೆ ಮಾತ್ರ ಒಬ್ಬನೇ ಯಾಕೆ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೇಳಿದ ಪುಸ್ತಕ ಅಚ್ಚಾಗಿದ್ದು 1779ರಲ್ಲಿ. ಅಷ್ಟು ಹೊತ್ತಿಗೆ ಈ ಪ್ರಶ್ನೆಗೆ ನಮ್ಮಲ್ಲಿ ಆರುನೂರು ವರ್ಷ ವಯಸ್ಸಾಗಿತ್ತು. ಕೇಳಿದವರು ಮೇಲುಕೋಟೆಯ ಚೆಲುವನಾರಾಯಣನ ಭಕ್ತರು! ಲೆಕ್ಕ ಹಾಕಿ ಹಿಡಿಯುವುದಕ್ಕೆ ದೇವರು ಸಿಗುವುದಿಲ್ಲ, ಶ್ರುತಿ, ಅಂದರೆ ವೇದ, ಹೇಳಿದರೆ ಮಾತ್ರ ತಿಳಿಯುತ್ತದೆ ಅನ್ನುವುದು ಅವರ ನಿಲುವು.

ಹಾಗಾದರೆ ಶ್ರುತಿ ಯಾರ ಮಾತು? ದೇವರದ್ದು ಅಂದರೆ ದೇವರನ್ನು ನಂಬಲು ವೇದ ಬೇಕು, ವೇದವನ್ನು ನಂಬಲು ದೇವರು ಬೇಕು. ಸುತ್ತಿ ಸುತ್ತಿ ಅಲ್ಲಿಗೇ ಬಂದೆವು. ವೇದದ ಯಜ್ಞಕರ್ಮಗಳನ್ನೇ ವಿಚಾರ ಮಾಡುವ ಮೀಮಾಂಸಕರು ಇನ್ನೂ ಮುಂದೆ ಹೋದರು. ವೇದವನ್ನು ಯಾರೂ ರಚಿಸಿಲ್ಲ, ದೇವರೂ ರಚಿಸಿಲ್ಲ ಅಂದರು. ಯಜ್ಞ ಬಿಡಲಿಲ್ಲ, ವೇದ ಬಿಡಲಿಲ್ಲ, ಸೃಷ್ಟಿ ಮಾಡಿದ ದೇವರನ್ನು ಮಾತ್ರ ಬಿಟ್ಟರು.

ನಿನ್ನ ಮೊಮ್ಮಗನಿಗೂ ಇದಕ್ಕಿಂತ ಒಳ್ಳೆಯ ಮಾತು ಬೇಕು. ರಾಷ್ಟ್ರಕೂಟರ ಅಮೋಘವರ್ಷನಿಗೆ ಗುರುವಾಗಿದ್ದ ಜೈನ ಮುನಿ ಜಿನಸೇನರು 9ನೇ ಶತಮಾನದಲ್ಲೇ ಕೇಳಿದ್ದರು. ಸೃಷ್ಟಿಗೆ ಮೊದಲು ಆ ದೇವರು ಎಲ್ಲಿ ನಿಂತಿದ್ದ? ಯಾವ ಸಾಮಾನು ತಂದು ಇದನ್ನೆಲ್ಲ ಮಾಡಿದ? ಏನೂ ಕೊರತೆ ಇಲ್ಲದವನಿಗೆ ಮಾಡಬೇಕು ಅಂತ ಯಾಕೆ ಅನ್ನಿಸಿತು? ಪಂಪ 941ರಲ್ಲಿ ಆದಿಪುರಾಣವನ್ನು ಕನ್ನಡದಲ್ಲಿ ಬರೆದದ್ದು ಇದೇ ಜಿನಸೇನರ ಸಂಸ್ಕೃತ ಕೃತಿಯನ್ನು ಮುಂದಿಟ್ಟುಕೊಂಡು. ಮನೆಮಠ ಎಲ್ಲ ಬಿಟ್ಟ ಮುನಿ ಆಡಿದ ಮಾತಿದು. ನಿನ್ನ ಹುಡುಗ ಇಷ್ಟು ಕೇಳಲಿ. ಅಜ್ಜಿ ರಾಮಾನುಜರ ದಾರಿಯಲ್ಲಿ ಉತ್ತರ ಕೊಡಲಿ. ಆಗ ನೋಡು, ಬಾಗಿಲಲ್ಲಿ ನಿಂತವನ ಕಾಲು ಹೇಗೆ ನೋಯುತ್ತದೆ ಅಂತ.

ಇನ್ನೊಂದು. ಅಜ್ಜಿಯ ಕನಸಿನಲ್ಲಿ ದೇವರು ಬಂದಾಗ ‘ಕೋಟಿ ಸೂರ್ಯರ ಬೆಳಕು’ ಅಂತ ಬರೆದಿದ್ದೀಯ. ನನಗೆ ಏನೂ ಕಾಣಲಿಲ್ಲ, ಕಣ್ಣು ಚುಚ್ಚಿತು ಅಷ್ಟೇ. ಕವಿ ಹರಿಹರ ವಚನಕಾರ ಅಲ್ಲಮನ ಕಥೆ ಹೇಳುವುದನ್ನು ಓದು. ಅವನು ಪ್ರೀತಿಸಿದ ಕಾಮಲತೆ ಜ್ವರ ಬಂದು ತೀರಿಹೋಗಿದ್ದಾಳೆ. ಅಲ್ಲಮ ಹುಚ್ಚನ ಹಾಗೆ ಅಲೆದು ಒಂದು ತೋಪಿನಲ್ಲಿ ಕೂತಿದ್ದಾನೆ. ಸುಮ್ನೆ ಕಾಲಿನ ಉಗುರಿನಿಂದ ನೆಲ ಕೆರೆಯುತ್ತಿದ್ದಾನೆ. ಮಣ್ಣಿನಲ್ಲಿ ಹೊನ್ನಿನ ಕಳಸದ ತುದಿ ಕಾಣುತ್ತದೆ. ಅಗೆಸಿದರೆ ಗುಡಿ. ಮುಚ್ಚಿದ ಬಾಗಿಲನ್ನು ಒದ್ದು ಒಳಗೆ ಹೋದರೆ ಲಿಂಗದಲ್ಲಿ ಕಣ್ಣು ನೆಟ್ಟು ಕೂತ ಅನಿಮಿಷಯ್ಯ. ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನ ಪ್ರಾಣ ಹೋಗುತ್ತದೆ. ನಾನು ಎಷ್ಟೋ ವರ್ಷದಿಂದ ಆ ಕಾಲುಗುರನ್ನೇ ನೋಡುತ್ತಿದ್ದೇನೆ. ದುಃಖದಲ್ಲಿ ಕೂತವರು ನೆಲ ಕೆರೆಯುವುದನ್ನು ನೀನೂ ಕಂಡಿರುತ್ತೀಯ. ಅದು ನಿಜವಾದ್ದರಿಂದಲೇ ಕಳಸವನ್ನೂ ನಂಬುತ್ತೇವೆ.

ನಮ್ಮ ಮನೆಯದೂ ಒಂದು ಹೇಳುತ್ತೇನೆ, ಯಾರಿಗೂ ಹೇಳಿರಲಿಲ್ಲ. ನನ್ನ ಒಡಹುಟ್ಟಿದ ಕಿರಿಯ ತಮ್ಮ ಆರು ವರ್ಷಕ್ಕೇ ತೀರಿಹೋದ. ಸೂತಕ ಕಳೆದ ಮೇಲೆ ಅಮ್ಮ ಮತ್ತೆ ಪೂಜೆ ಶುರು ಮಾಡಿದಳು. ದೀಪ, ನಂದಿಬಟ್ಟಲು ಹೂ, ಊದಿನಕಡ್ಡಿ ಎಲ್ಲ ಮೊದಲಿನ ಹಾಗೇ. ಗಂಟೆ ಮಾತ್ರ ಮುಟ್ಟಲಿಲ್ಲ. ಶುಕ್ರವಾರ ಹುಣಸೆಹಣ್ಣು ಹಚ್ಚಿ ದೀಪ, ತಟ್ಟೆ, ಪಂಚಪಾತ್ರೆ ಬೆಳಗುತ್ತಿದ್ದಳು. ಗಂಟೆಗೆ ಕಿಲುಬು ಹಿಡಿಯುತ್ತಾ ಹೋಯಿತು. ಒಂದು ದಿನ ಕೇಳಿಯೇಬಿಟ್ಟೆ.

“ಪೂಜೆ ನನ್ನ ಕೆಲಸ, ಮಾಡ್ತೀನಿ,” ಅಂದಳು. “ಅವನನ್ನ ಕರೆಯೋದಿಲ್ಲ.”

ಅವಳು ನಂಬಿದವಳಾ, ನಂಬಿಕೆ ಕಳಕೊಂಡವಳಾ? ನನ್ನ ವಯಸ್ಸು ಈಗ ಅವಳ ಆಗಿನ ವಯಸ್ಸಿಗಿಂತ ಜಾಸ್ತಿ. ಆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಿನ್ನ ಕಥೆಯಲ್ಲಿ ಮೊಮ್ಮಗ ವಾದ ಮುಗಿಸಿ ಮಹಡಿ ಹತ್ತುತ್ತಾನೆ. ಅಜ್ಜಿ ದೇವರ ಕೋಣೆಯಲ್ಲೇ ಉಳಿದಳಲ್ವಾ? ಆಮೇಲೆ ಅವಳ ಕೈ ಏನು ಮಾಡಿತು? ಆ ಐದು ನಿಮಿಷ ಬರೆದು ಕಳಿಸು. ಯುಗಾದಿಗೆ ಮೊದಲೇ ಕಳಿಸಿದರೆ ನಿಧಾನವಾಗಿ ಓದಲು ನನಗೂ ಸಮಯ ಸಿಗುತ್ತದೆ.

ಪ್ರೀತಿಯಿಂದ,
ನಿನ್ನ ಅಕ್ಕ